ಹುಳ ಸಿಗದ ಹಳ್ಳ

ಹಳ್ಳದ ನೀರು ಎಷ್ಟು ಕೆಟ್ಟಿದೆ ಅಂತ ಅದರೊಳಗಿನ ಹುಳ ನೋಡಿ ಹೇಳೋದು ನನ್ನ ಕೆಲಸ. ಒಳ್ಳೇ ನೀರಲ್ಲಿ ಹತ್ತಾರು ಬಗೆಯ ಹುಳ ಇರುತ್ತವೆ. ನೀರು ಕೆಟ್ಟಂತೆಲ್ಲ ಒಂದೊಂದೇ ಸತ್ತು, ಕೊನೆಗೆ ಕೆಂಪು ಹುಳವೊಂದೇ ಉಳಿಯುತ್ತದೆ. ದೊಡ್ಡಬಳ್ಳಾಪುರದ ಹತ್ತಿರದ ಒಂದು ಹಳ್ಳದಲ್ಲಿ ಹೋದ ವರ್ಷ ಸಿಕ್ಕಿದ್ದು ಆ ಕೆಂಪು ಹುಳ ಮಾತ್ರ. ಈ ವರ್ಷ ಅದೇ ಜಾಗದಲ್ಲಿ ನಾಲ್ಕು ಸಲ ಬಲೆ ಎಳೆದೆ. ಬಂದದ್ದು ಬರೀ ಕಪ್ಪು ಕೆಸರು.

ಹೋದ ವರ್ಷವೂ ಅಲ್ಲೇ ಸಿಕ್ಕಿದ್ದ ಅಜ್ಜಿಯೊಬ್ಬರು ಹಸುವಿಗೆ ಹಳ್ಳದ ನೀರು ಕುಡಿಸುತ್ತಾ ಬಲೆಯೊಳಗೆ ಇಣುಕಿದರು. "ಒಂದು ಹುಳಾನೂ ಇಲ್ವಲ್ಲಪ್ಪಾ! ನೀರು ಚೊಕ್ಕಟ ಆಗೋಯ್ತು ಅನ್ನು."

"ಇಲ್ಲಮ್ಮಾ, ಹುಳ ಕೂಡ ಬದುಕೋಕಾಗದಷ್ಟು ಕೆಟ್ಟಿದೆ. ಹಸೂಗೆ ಕುಡಿಸ್ಬೇಡಿ."

ಅಜ್ಜಿಗೆ ರೇಗಿತು. "ಹೋದ್ಸಲ ಹುಳ ಐತೆ, ಕುಡಿಸ್ಬೇಡಿ ಅಂದೆ. ಈಗ ಹುಳ ಇಲ್ಲ, ಕುಡಿಸ್ಬೇಡಿ ಅಂತೀಯ. ಒಂದು ಮಾತಿನ ಮೇಲೆ ನಿಂತ್ಕೊಳಪ್ಪಾ!"

ನಾನು ಬಾಯಿ ತೆರೆಯುವಷ್ಟರಲ್ಲಿ ಹಸು ಹೊಟ್ಟೆ ತುಂಬ ಕುಡಿದು ತಲೆಯೆತ್ತಿತ್ತು.

ಬೈದರೂ ಅಜ್ಜಿ ನನ್ನನ್ನು ಹಾಗೇ ಕಳಿಸಲಿಲ್ಲ. ಮನೆಗೆ ಕರೆದು ಲೋಟದ ತುಂಬ ಕಾಫಿ ಕೊಟ್ಟು, "ಪಾಕೀಟು ಹಾಲಲ್ಲ, ನಮ್ಮ ಹಸೂದೇ" ಅಂದರು, ಹೆಮ್ಮೆಯಿಂದ. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಕುಡಿದೆ.

ಕಾಫಿಯಲ್ಲಿ ಒಂದು ಹುಳವೂ ಇರಲಿಲ್ಲ.