ಒಂದು ತಲೆಗೆ ಎಷ್ಟು ಹೊತ್ತು

ಪಕ್ಕದ ಮನೆ ಅಂಕಲ್ ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚ್ ತೂಗುತ್ತಿತ್ತು. ಊಟಕ್ಕೆ ಕೂತಾಗ ಅದು ಸಾರಿಗೆ ಬೀಳದಂತೆ ಬೆನ್ನ ಹಿಂದಕ್ಕೆ ಎಸೆದುಕೊಳ್ಳುತ್ತಿದ್ದರು. ಡೆಟ್ರಾಯಿಟ್ ಬಳಿಯ ಕಾರು ಕಾರ್ಖಾನೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಅಳೆಯುವುದೇ ಅವರ ಉದ್ಯೋಗ. ಆಂಟಿ ದೋಸೆ ಮಗುಚಿದರೂ ಗುಂಡಿ ಒತ್ತುವರು. "ನನ್ನನ್ನೂ ಕಾರ್ಖಾನೆ ಲೈನ್ ಮೇಲೆ ನಿಲ್ಲಿಸಿಬಿಟ್ರಲ್ಲ, ಏಳಿ ಮೇಲೆ!" ಎಂದು ಆಂಟಿ ಸೌಟು ಎತ್ತಿದರೆ ಅಂಕಲ್‌ಗೆ ಖುಷಿಯೋ ಖುಷಿ.

ಆಂಟಿ ತೀರಿಕೊಂಡ ಮೇಲೆ, ಅವರ ಮುಖವನ್ನು ಮಣ್ಣಲ್ಲಿ ಮಾಡಬೇಕೆಂದು ಅಂಕಲ್ ಕಮ್ಯುನಿಟಿ ಕಾಲೇಜಿನ ಮಣ್ಣಿನ ಕ್ಲಾಸಿಗೆ ಸೇರಿದರು. ಒಂದೇ ವೀಕೆಂಡಿನಲ್ಲಿ ಮುಗಿಸಿ, ಪೂರ್ತಿ ಒಣಗುವ ಮುಂಚೆಯೇ ಭಟ್ಟಿಗೆ ಕೊಟ್ಟರು. ಒಳಗೇ ಸಿಡಿದು ಚೂರಾಯಿತು. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅವಳು ಬೈತಿದ್ದಳು," ಎಂದರು.

ಅದೇ ವರ್ಷ ಚಿಕಾಗೋದಲ್ಲಿ ಚೀನಾದ ಪ್ರಾಚೀನ ಮಣ್ಣಿನ ಸೈನಿಕರ ಪ್ರದರ್ಶನವಿತ್ತು. ನಾನೇ ಡ್ರೈವ್ ಮಾಡಿ ಕರೆದೊಯ್ದೆ. ಆಳೆತ್ತರದ ಒಬ್ಬ ಸೈನಿಕನ ಮುಂದೆ ನಿಂತು ಅಂಕಲ್ ಗೈಡ್ ಹುಡುಗಿಯನ್ನು ಕೇಳಿದ್ದು ಒಂದೇ ಪ್ರಶ್ನೆ: ಒಂದು ತಲೆಗೆ ಎಷ್ಟು ಹೊತ್ತು?

ಇಂಥ ಸಾವಿರಾರು ಬೊಂಬೆಗಳಿದ್ದ ಚಕ್ರವರ್ತಿಯ ಸಮಾಧಿಗೆ ಸುಮಾರು ನಾಲ್ಕು ದಶಕ ಹಿಡಿಯಿತಂತೆ. ಒಂದಕ್ಕೆ ಎಷ್ಟು ಎಂದು ಯಾರೂ ಬರೆದಿಟ್ಟಿಲ್ಲ, ತಿಂಗಳುಗಳೇ ಆಗಿರಬಹುದು ಎಂದಳು. ಮಣ್ಣಿನ ಸುರುಳಿ ಸುತ್ತಬೇಕು, ಅದು ಗಟ್ಟಿಯಾದ ಮೇಲೆಯೇ ಇನ್ನೊಂದು. ತಲೆಯನ್ನು ಬೇರೆಯಾಗಿ ಮಾಡಿ, ಮುಖವನ್ನು ಕೈಯಲ್ಲೇ ತಿದ್ದಬೇಕು. ಮಾಡುವುದಕ್ಕಿಂತ ಕಾಯುವುದಕ್ಕೇ ಹೆಚ್ಚು ಹೊತ್ತು. ಅಂಕಲ್ ಸ್ಟಾಪ್‌ವಾಚ್ ಕಳಚಿ ಜೇಬಿಗೆ ಹಾಕಿಕೊಂಡರು. ಮತ್ತೆ ಅದನ್ನು ಅವರ ಕೊರಳಲ್ಲಿ ನಾನು ನೋಡಲಿಲ್ಲ.

ಬೇಸ್‌ಮೆಂಟಿನಲ್ಲಿ ಎರಡನೆಯ ತಲೆ ಶುರುವಾಯಿತು. ಮೂಗು ಬಂತು, ತುರುಬು ಬಂತು.

"ಎಲ್ಲಾ ಬಂತು ಕಣಮ್ಮ, ಬೈಯೋ ಮುಖ ಮಾತ್ರ ಬರ್ತಿಲ್ಲ. ಅದು ಬರೋವರೆಗೂ ಒಣಗಬಾರದು," ಎಂದು ಒದ್ದೆ ಬಟ್ಟೆ ಹೊದಿಸಿಡುತ್ತಿದ್ದರು. ಹೀಗೇ ವರ್ಷಗಳು ಹೋದವು. ಕೊನೆಗೆ ಆಸ್ಪತ್ರೆಗೆ ಸೇರುವಾಗ ನನ್ನ ಕೈಗೆ ಬೀಗದಕೈ ಕೊಟ್ಟು, "ನೀರು ಹಾಕ್ತಿರು," ಎಂದರು. ದಿನಾ ಹೋಗಿ ಬಟ್ಟೆಯ ಮೇಲೆ ನೀರು ಚಿಮುಕಿಸಿ ಬರುತ್ತಿದ್ದೆ. ಎತ್ತಿ ನೋಡಲು ಧೈರ್ಯವಾಗಲಿಲ್ಲ.

ಅಂಕಲ್ ಮನೆಗೆ ಮರಳಲಿಲ್ಲ. ಚಿಕಾಗೋ ಬಳಿಯ ಶಾಮ್‌ಬರ್ಗಿನಿಂದ ಬಂದ ಅವರ ಮಗಳು ಆ ಬಟ್ಟೆ ಸರಿಸಿದಳು. ಆಂಟಿಯ ಹುಬ್ಬು ಗಂಟಿಕ್ಕಿತ್ತು. ನಗು ತಡೆದಂತೆ ತುಟಿಯ ಒಂದು ಕೊನೆ ಬಿಗಿದಿತ್ತು.

"ಓ ಗಾಡ್, ಮಾಮ್ ಈಸ್ ಸೋ ಮ್ಯಾಡ್ ಅಟ್ ಹಿಮ್!" ಎಂದು ಅವಳು ನಗುತ್ತಲೇ ಅತ್ತಳು.

ಆ ಮುಖ ಯಾವಾಗಲೋ ಬಂದಿತ್ತು. ಮುಗಿಸಲು ಅವರಿಗೇ ಮನಸ್ಸಾಗಿರಲಿಲ್ಲ. ನಾನು ಬಾಟಲಿಯ ನೀರನ್ನು ಸಿಂಕಿಗೆ ಸುರಿದೆ. "ಇನ್ನು ಒಣಗಲಿ ಬಿಡಮ್ಮ," ಎಂದೆ.