ಇಂಜಿನ್‌ಗೆ ನೈಲ್‌ಪಾಲಿಶ್

ಮೊನ್ನೆ ಹೆಂಡತಿಯ ನೈಲ್‌ಪಾಲಿಶ್ ಬಾಟಲಿಯನ್ನು ಜೇಬಿಗಿಳಿಸಿಕೊಂಡು ಕಾಮಾಕ್ಷಿಪಾಳ್ಯದ ಗ್ಯಾರೇಜಿಗೆ ಹೋದೆ. ನಗಬೇಡಿ. ಬಿಚ್ಚಿದ ಪಾರ್ಟ್‌ಗಳಿಗೆಲ್ಲ ಒಂದೊಂದು ಕೆಂಪು ಚುಕ್ಕೆ ಇಟ್ಟುಬಿಟ್ಟರೆ, ಮೆಕ್ಯಾನಿಕ್ ನಮ್ಮ ಒಳ್ಳೆಯ ಸಾಮಾನು ಎತ್ತಿಟ್ಟುಕೊಂಡು ಯಾರದೋ ಹಳೆಯದನ್ನು ತುರುಕುವಂತಿಲ್ಲ. (ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಮಿಕ್ಸಿ ರಿಪೇರಿಗೂ ಇದೇ ಪದ್ಧತಿ.)

ಗಾಡಿ ನನ್ನ ಬಾಮೈದ ಮಂಜುವಿನ ಪಿಕಪ್. ಗಾರ್ಮೆಂಟ್ಸ್ ಬಂಡಲ್ ಸಾಗಿಸುವುದು ಅವನ ಕಸುಬು. ಹಿಂದಿನ ದಿನ ಸಂಜೆ ಮಳೆಯಲ್ಲಿ ಅಂಡರ್‌ಪಾಸ್ ನೀರಿಗಿಳಿಸಿದ, ಅಲ್ಲೇ ಆಫ್ ಆಯಿತು. ಮನೆಯವರೆಗೆ ಎಳೆಸಿಕೊಂಡು ಬಂದ. ಮಾರನೆಯ ದಿನ ಗ್ಯಾರೇಜಿಗೆ. "ಈ ವಾರ ಗಾಡಿ ಬರ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದುಬಿಟ್ಟಿದ್ದರು ಫ್ಯಾಕ್ಟರಿಯವರು. ಆ ಲೋಡ್ ಕೈತಪ್ಪಿದರೆ ಅವನ ಮನೆ ನಡೆಯುವುದು ಹೇಗೆ?

ಮೆಕ್ಯಾನಿಕ್ ಕುಮಾರಣ್ಣ ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

"ನೀರು ಒಳಗೆ ಹೋಗೈತೆ. ಆಮೇಲೆ ಸೆಲ್ಫ್ ಹೊಡುದ್ರಾ?"

"ಇಲ್ಲಣ್ಣ, ತಾಯಾಣೆ ಸ್ಟಾರ್ಟ್ ಮಾಡಿಲ್ಲ" ಎಂದ ಮಂಜು.

"ಹಂಗಾದ್ರೆ ಒಣಗಿಸಿ ಆಯಿಲ್ ಚೇಂಜ್ ಮಾಡಿದ್ರೆ ಸಾಕು" ಎಂದವರು, ಇಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿ ಮುಖ ಗಂಟಿಕ್ಕಿದರು. "ಇಳಿಸ್ಬೇಕು ಸಾರ್. ಎಲ್ಲೋ ಹಿಡಿತೈತೆ."

ನೋಡಿದಿರಾ? ಕಣ್ಣು ಮಿಟುಕಿಸುವುದರೊಳಗೆ ಆಯಿಲ್ ಚೇಂಜ್ ಹೋಗಿ ಇಂಜಿನ್ ಕೆಲಸ ಬಂತು! ನಾನು ಸ್ಟೂಲ್ ಎಳೆದುಕೊಂಡು ಅಲ್ಲೇ ಕೂತೆ. ಅವರು ಬೆನ್ನು ತಿರುಗಿಸಿದಾಗಲೆಲ್ಲ ಚುಕ್ಕೆ ಇಟ್ಟೆ. ಅವರೇನು ಕಮ್ಮಿಯೇ? ಬಿಚ್ಚುವುದನ್ನೆಲ್ಲ ಗ್ಯಾರೇಜಿನ ಹುಡುಗನ ಕೈಲಿ ಮೊಬೈಲಿನಲ್ಲಿ ವಿಡಿಯೋ ಮಾಡಿಸುತ್ತಿದ್ದರು. "ಆಮೇಲೆ ನಾನೇ ಹಾಳ್ ಮಾಡ್ದೆ ಅಂತೀರ."

ಒಳಗಿನ ರಾಡೊಂದು ಬಗ್ಗಿತ್ತು.

"ಬರೀ ನೀರು ಹೋದ್ರೆ ಇದು ಬಗ್ಗಲ್ಲ. ನೀರು ತುಂಬಿರೋವಾಗ ಯಾರೋ ಸೆಲ್ಫ್ ಹೊಡ್ದವ್ರೆ. ಪಿಸ್ಟನ್ ನೀರನ್ನ ಅದುಮಕ್ಕಾಗ್ದೆ ರಾಡ್ ಬಗ್ಗೈತೆ."

"ಇಲ್ಲಿಗೆ ತಂದ್ಮೇಲೆ ನೀವೇ ಹೊಡ್ದಿರ್ಬೇಕು!" ಮಂಜು ಸಿಡಿದ. ನಾನೂ ದನಿಗೂಡಿಸಿದೆ. ಜಗಳ ಬೀದಿಗೆ ಕೇಳಿಸುವಷ್ಟು ಜೋರಾಯಿತು. ಕೊನೆಗೆ, ಗಾಡಿ ಮನೆ ಮುಂದೆ ನಿಂತಿದ್ದಾಗ ಯಾರಾದರೂ ಮುಟ್ಟಿದರಾ ಎಂದು ಮಂಜುವಿನ ತಾಯಿ, ನಮ್ಮ ಅತ್ತೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಯಾರೂ ಮುಟ್ಟಿಲ್ಲಪ್ಪ. ಗಂಡಾಂತರ ಕಳೀತಲ್ಲ ಅಂತ ಬೆಳಗ್ಗೆ ಪೂಜೆ ಮಾಡಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ, ಅಷ್ಟೇ. ಮಂಗಳಾರತಿ ಹೊತ್ಗೆ ಮಂಜು ಒಂದ್ಸಲ ಕೀ ತಿರುಗಿಸ್ದ. ದಡಕ್ ಅಂತು, ಬಿಟ್ಬಿಟ್ಟ. ಪೂಜೆ ಅಂದ್ಮೇಲೆ ಗಾಡಿ ಒಂದ್ಸಲ ಸದ್ದು ಮಾಡ್ಬೇಕಲ್ವಾ?"

ಕುಮಾರಣ್ಣ ಬಗ್ಗಿದ ರಾಡನ್ನು ತಂದು ಮಂಜುವಿನ ಮುಂದಿಟ್ಟರು.

"ಅದು ಪೂಜೆ ಭಾವ" ಎಂದ ಮಂಜು ಮೆಲ್ಲಗೆ. "ಸ್ಟಾರ್ಟ್ ಮಾಡಿದ್ದಲ್ಲ." ಅವನು ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಅವನ ಲೆಕ್ಕದಲ್ಲಿ ಅದು ನಿಜವಾಗಿಯೂ ಸ್ಟಾರ್ಟ್ ಮಾಡಿದ್ದಲ್ಲ.

ಹೊಸ ರಾಡ್, ಪಿಸ್ಟನ್, ಬೇರಿಂಗ್ ಬಂದವು. ಜೋಡಿಸುವಾಗ ಪಕ್ಕದಲ್ಲೇ ನಿಂತು ನೋಡಿದೆ. ಉಳಿದ ಹಳೆಯ ಪಾರ್ಟ್‌ಗಳ ಮೇಲೆ ನನ್ನ ಕೆಂಪು ಚುಕ್ಕೆಗಳೆಲ್ಲ ಇದ್ದವು. (ಗ್ಯಾಸ್ಕೆಟ್ ಒರಿಜಿನಲ್ಲೋ ಅಲ್ಲವೋ ಎಂಬ ಅನುಮಾನ ಮಾತ್ರ ಇನ್ನೂ ಹೋಗಿಲ್ಲ.) ವಾರ ಮುಗಿಯುವುದರೊಳಗೆ ಗಾಡಿ ರೆಡಿ, ಮಂಜುವಿನ ಲೋಡ್ ಉಳಿಯಿತು. ಅತ್ತೆ ನಿಂಬೆಹಣ್ಣು ಹಿಡಿದು ಗ್ಯಾರೇಜಿಗೇ ಬಂದರು. ಕುಮಾರಣ್ಣ ದಾರಿ ಬಿಟ್ಟು ನಿಂತರು.

"ಮಾಡಿ ಅಮ್ಮ. ಕೀ ಮಾತ್ರ ನನ್ ಜೇಬಲ್ಲೇ ಇರ್ಲಿ."

ಗ್ರೀಸ್ ಮೆತ್ತಿದ ಕೈ ಕಂಡ ಕೂಡಲೇ ಅನುಮಾನ ಪಡುತ್ತೇವಲ್ಲ, ಆರತಿ ತಟ್ಟೆ ಹಿಡಿದ ಕೈಯನ್ನು ಒಮ್ಮೆಯಾದರೂ ಕೇಳಿದ್ದೇವಾ?