ಕುಂಕುಮ ಇಟ್ಟ ಫ್ರೆಂಚ್ ನರ್ತಕಿ

ಹೆಸರು ಪುಂಡರೀಕಾಕ್ಷ, ಅಂದರೆ ತಾವರೆಗಣ್ಣ. ಮೂಗಿನ ಮೇಲೆ ಸೋಡಾ ಬಾಟಲಿಯ ತಳದಂಥ ಕನ್ನಡಕ. “ಹೆಸರಿಟ್ಟವರು ಕಣ್ಣು ನೋಡಲಿಲ್ಲ, ಕಣ್ಣು ಕೊಟ್ಟವನು ಹೆಸರು ಕೇಳಲಿಲ್ಲ” ಎಂದು ಡೊಂಬಿವಲಿಯ ಲೋಕಲ್ ರೈಲಿನಲ್ಲಿ ನೇತಾಡುತ್ತ ಜೊತೆಯವರನ್ನು ತಾನೇ ನಗಿಸುತ್ತಿದ್ದ. ಠಾಣೆಯ ಬಣ್ಣದ ಕಾರ್ಖಾನೆಯಲ್ಲಿ ಗುಮಾಸ್ತ. ಮಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರೊಬ್ಬರು ಫ್ರಾನ್ಸಿನ ಚಿತ್ರಗಳನ್ನು ಒಂದೇ ಒಂದು ಮಧ್ಯಾಹ್ನ ತೋರಿಸಿದ್ದರು. ಆ ಮಧ್ಯಾಹ್ನದ ಬಂಡವಾಳದಲ್ಲೇ ಅವನು ಇಪ್ಪತ್ತೈದು ವರ್ಷ ಕಲಾರಸಿಕನಾಗಿ ಬಾಳಿದ.

೧೯೭೮ ಮುಗಿದಾಗ ಮ್ಯಾನೇಜರ್ ಜಯಶೀಲ ಶೆಟ್ಟರು ಹಳೆಯ ವಿದೇಶಿ ಕ್ಯಾಲೆಂಡರೊಂದನ್ನು ಅವನ ಮೇಜಿಗೆ ಎಸೆದರು. ಡಿಸೆಂಬರ್ ಹಾಳೆಯಲ್ಲಿ ಗಿಡ್ಡ ಬಿಳಿ ಲಂಗದ ನರ್ತಕಿ.

“ಇಂಪ್ರೆಷನಿಸಂ, ಸರ್! ಫ್ರೆಂಚರ ಚಿತ್ರಶೈಲಿ. ಹತ್ತಿರದಿಂದ ಅಲ್ಲ, ದೂರದಿಂದ ನೋಡಬೇಕು” ಎಂದು ಪುಂಡರೀಕಾಕ್ಷ ಅರ್ಧ ಗಂಟೆ ಕೊರೆದ. ಶೆಟ್ಟರ ಮೇಲೆ ಇಂಪ್ರೆಷನ್ ಬಿತ್ತೆಂದೇ ನಂಬಿದ. ಹಾಳೆಗೆ ಚೌಕಟ್ಟು ಹಾಕಿಸಲು ಉಲ್ಹಾಸನಗರದ ಫ್ರೇಮಿನ ಅಂಗಡಿಯ ಸೈದಪ್ಪನಿಗೆ ಕೊಟ್ಟ.

ವಾರ ಕಳೆಯುವುದರೊಳಗೆ ಶೆಟ್ಟರೇ ಅಂದರು: “ಆ ಡಿಸೆಂಬರ್ ಹಾಳೆ ಉಂಟಲ್ಲ, ಒಮ್ಮೆ ನೋಡ್ಬೇಕಿತ್ತು ಮಾರಾಯ. ಭಾನುವಾರ ಡೊಂಬಿವಲಿಯಲ್ಲಿ ಮದುವೆ ಉಂಟು, ಹಾಗೇ ನಿನ್ನ ಮನೆಗೆ ಬರ್ತೇನೆ.”

ರಸಿಕನನ್ನು ರಸಿಕ ಹುಡುಕಿಕೊಂಡು ಬರುತ್ತಾನೆ! ಪುಂಡರೀಕಾಕ್ಷ ಶನಿವಾರ ಓಡಿಹೋಗಿ ಫ್ರೇಮ್ ತಂದ. ಕಾಗದ ಬಿಚ್ಚಿ ನೋಡಿದ. ನರ್ತಕಿಯ ಲಂಗಕ್ಕೆ ಜರಿ, ಮುಡಿಗೆ ಚಮಕಿ, ಹಣೆಯಲ್ಲಿ ಕಾಸಗಲ ಕುಂಕುಮ. ವಾಪಸ್ಸು ಓಡಿದ.

ದೇವರ ಪಟಗಳಿಗೆ ಜರಿ ಹಚ್ಚಿಯೇ ಹೆಸರಾದ ಸೈದಪ್ಪ ನಕ್ಕ. “ಬೋಳ ಹಣಿ ಹೆಣ್ಮಗಳನ್ನ ಸಂಸಾರಸ್ಥರ ಮನ್ಯಾಗ ಹ್ಯಾಂಗ ತೂಗ್ ಹಾಕೂದ್ರಿ ಸಾಹೇಬ್ರ? ಜರಿ ರೊಕ್ಕಾ ಬ್ಯಾಡ್ರಿ, ನನ್ ಸೇವಾ ಅಂತ ತಿಳೀರಿ.”

“ತೆಗೆದುಬಿಡು ಮಾರಾಯ!”

“ಸರೇಸಿನ ಅಂಟು ಹಚ್ಚೀನ್ರಿ. ತಗದ್ರ ಆಕಿ ಮಾರೀನೂ ಕಿತ್ ಬರ್ತೈತಿ.”

ಭಾನುವಾರ ಪುಂಡರೀಕಾಕ್ಷ ತನ್ನದೇ ಉಪದೇಶಕ್ಕೆ ಮೊರೆಹೋದ: ದೂರದಿಂದ ನೋಡಬೇಕು. ಆದರೆ ಅವನ ಮನೆಯಲ್ಲಿ ದೂರ ಅಂದರೆ ಹತ್ತೇ ಅಡಿ. ಎದುರು ಗೋಡೆಗೆ ಫ್ರೇಮ್ ತೂಗುಹಾಕಿ, ಅಡುಗೆಮನೆಯ ಹೊಸ್ತಿಲಿಗೆ ಕುರ್ಚಿ ಒತ್ತಿ ಇಟ್ಟ.

“ಗಂಡನಿಗೆ ದೃಷ್ಟಿ ಇಲ್ಲ, ಗೊಂಬೆಗೆ ದೃಷ್ಟಿಬೊಟ್ಟು” ಎಂದಳು ಹೆಂಡತಿ ವಾರಿಜಾ.

ಶೆಟ್ಟರು ಬಂದರು. ಕುರ್ಚಿಯಲ್ಲಿ ಕೂರಲೇ ಇಲ್ಲ. ನೆಟ್ಟಗೆ ಗೋಡೆಗೆ ಹೋಗಿ, ಫ್ರೇಮನ್ನು ಇಳಿಸಿ, ಬೋರಲು ಮಾಡಿ, ಹಿಂದಿನ ರಟ್ಟನ್ನು ಚಾಕುವಿನಿಂದ ಎಬ್ಬಿಸಿದರು.

“ಸಿಕ್ಕಿತು! ಸೂರತ್ ಪಾರ್ಟಿಯ ಫೋನ್ ನಂಬರ್. ಇದರ ಬೆನ್ನಿಗೆ ಬರೆದಿಟ್ಟು ಮರೆತೇಬಿಟ್ಟಿದ್ದೆ.”

ನಂಬರನ್ನು ಚೀಟಿಯಲ್ಲಿ ಬರೆದು ಕಿಸೆಗೆ ಇಳಿಸಿ, ಚಹಾ ಕುಡಿದು, ಚಪ್ಪಲಿ ಮೆಟ್ಟಿದರು. ಪುಂಡರೀಕಾಕ್ಷನ ಮಾನ ಉಳಿದಿತ್ತು. ಉಳಿದ ಮಾನವನ್ನು ಇಟ್ಟುಕೊಂಡು ಸುಮ್ಮನಿರುವ ಜಾತಿಯೇ ಅವನದು? ಅರ್ಧ ಗಂಟೆಯ ಆ ಭಾಷಣ ಯಾರ ಕಿವಿಗೂ ಬಿದ್ದಿರಲಿಲ್ಲವೆಂಬುದೇ ಮುಳ್ಳಿನಂತೆ ಚುಚ್ಚಿತು.

“ಸರ್, ಚಿತ್ರ ನೋಡಲೇ ಇಲ್ಲ...” ಎಂದು ಬೋರಲು ಬಿದ್ದ ಫ್ರೇಮನ್ನು ಎತ್ತಿ ಹಿಡಿದ.

ಶೆಟ್ಟರು ಬಾಗಿಲಿನಿಂದಲೇ ತಿರುಗಿದರು. ಜರಿ, ಕುಂಕುಮ ಕಂಡು ಅವರ ಮುಖ ಗಂಭೀರವಾಯಿತು, ಕೈ ಮುಗಿದರು.

“ಅತ್ತೆಯವರಾ? ಹೋಗಿ ಎಷ್ಟು ವರ್ಷ ಆಯ್ತು?”

ಒಳಗಿನಿಂದ ವಾರಿಜಾಳ ಸ್ವರ ಬಂತು: “ನನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾರೆ ಸರ್. ಆದ್ರೆ ಇಷ್ಟು ಗಿಡ್ಡ ಲಂಗದಲ್ಲಿ ಅವರನ್ನು ನೋಡಿದ್ರೆ ಅಪ್ಪ ಮಾತ್ರ ಹೋಗ್ತಿದ್ರು!”